ದೋಸ್ತಿ-ದುಶ್ಮನಿ ಕಪಾಟು

ವಾಚನಾಲಯದ ನೌಕರಿ ಅಂದ್ರ ಫ್ಯಾನಿನ ಕೆಳಗ ಕುಂತು ಪಗಾರ ತಗೊಳ್ಳೋದು ಅಂತ ತಿಳಕೊಂಡು ಬಂದೀರಿ, ಹೌದಲ್ಲ? ನಾನೂ ಹಂಗೇ ತಿಳಕೊಂಡು ಬಂದಾಕಿ.

ನಮ್ಮ ಟ್ರಸ್ಟಿನವರು ಹೊಸದಾಗಿ ಸೇರಿದವರ ಸಲುವಾಗಿ ಹಳೇ ಮಂದಿ ಕಡೀಲಿಂದ ಅನುಭವ ಬರಸ್ಲಿಕತ್ತಾರ. "ಮಾದೇವಿ ಬಾಯಾರ, ನಿಮ್ಮ ಸೇವಾ, ಬಡ್ತಿ, ಸನ್ಮಾನ ಎಲ್ಲಾ ಬರೀರಿ" ಅಂತ ಹೇಳಿ ಕಳಿಸಿದ್ರು. ನನ್ನ ಬಡ್ತಿ ತಗೊಂಡು ನೀವೇನು ಉಪ್ಪಿನಕಾಯಿ ಹಾಕ್ತೀರಿ? ನಾ ಬರಿಯೋದು ಒಂದು ಕಪಾಟಿನ ಸುದ್ದಿ, ಆ ಕಪಾಟಿನ ಸಲುವಾಗಿ ನನ್ನ ಹೊಟ್ಟ್ಯಾಗ ಹತ್ತಿದ ಬೆಂಕಿ ಸುದ್ದಿ. ಹೊಟ್ಟಿಕಿಚ್ಚು ಅಂದ್ರ ನಿಮಗ ಗೊತ್ತಿಲ್ಲಂದ್ರ ಈ ಬರಹ ಇಲ್ಲೇ ಮುಚ್ಚಿಡ್ರಿ. ಗೊತ್ತಿದ್ರ ಕುಂದ್ರಿ, ಹೇಳ್ತೀನಿ.

ನಮ್ಮ ವಾಚನಾಲಯ ಸರ್ಕಾರದ್ದಲ್ಲ. ಒಬ್ಬ ತೊಗರಿ ವ್ಯಾಪಾರಿ ತನ್ನ ತಾಯಿ ನೆನಪಿಗಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರಾಗ ತೆರೆದದ್ದು. ಒಂದೊಂದು ಊರಿಗಿ ಒಬ್ಬೊಬ್ಬರೇ ನೌಕರರು. ಕಸ ಹೊಡಿಯಾಕಿನೂ ಆಕೀನೇ, ಪೇಪರ್ ಜೋಡಸಾಕಿನೂ ಆಕೀನೇ, "ಗದ್ದಲ ಮಾಡಬ್ಯಾಡ್ರಿ" ಅಂತ ಒದರಿ ತಾನೇ ಗದ್ದಲ ಮಾಡಾಕಿನೂ ಆಕೀನೇ. ನಾನು ದಂಡೋತಿಯಾಕಿ. ಸುಲೇಪೇಟದಿಂದ ಬಂದ ಕಸ್ತೂರಿ ಅನ್ನಾಕಿ ನನ್ನ ಕೂಡೇ ಸೇರಿದಳು. ಮೊದಲ ವರ್ಷ ಇಬ್ಬರಿಗೂ ಸೇಡಂದಾಗ ಕೆಲಸ ಕಲಿಸಿದ್ರು. ಒಂದೇ ಕೋಲ್ಯಾಗ ಇದ್ದಿವಿ. ಆಕಿ ರೊಟ್ಟಿ ಬಡೀತಿದ್ದಳು, ನಾ ಪುಂಡಿಪಲ್ಯ ಮಾಡ್ತಿದ್ದೆ. ಆಕೀ ರೊಟ್ಟಿ ನನ್ನ ರೊಟ್ಟಿಗಿಂತ ತೆಳ್ಳಗ ಆಗ್ತಿದ್ದವು. ಆವಾಗಿಂದನೇ ನೋಡ್ರಿ, ನನಗ ಜರಾ ಜರಾ ಚುರ್ ಅನ್ನಲಿಕತ್ತಿತ್ತು. ಆದ್ರೂ ಗೆಳತಿ ಗೆಳತೀನೇ. ಆಕಿ ಊರಿಗಿ ಹೋದ್ರ ನನಗ ಊಟ ಸೇರ್ತಿದ್ದಿಲ್ಲ.

ನನ್ನ ಮೊದಲನೇ ತಪ್ಪು ಸೇಡಂದಾಗೇ ಆತು. ಶ್ರಾವಣ ಬಂದಿತ್ತು. ನಮ್ಮ ಕಡಿ ಶ್ರಾವಣದಾಗ ಮಠದಾಗ ಪುರಾಣ ಹಚ್ತಾರ. ಸಂಜಿ ಮುಂದ ಒಬ್ಬರು ಓದ್ತಾರ, ಇನ್ನೊಬ್ಬರು ಅರ್ಥ ಹೇಳ್ತಾರ, ಓಣಿ ಮಂದಿ ಕುಂತು ಕೇಳ್ತಾರ. ಒಂದು ಓಣಿಯ ಹಿರಿಯರು ಬಂದು ಪುರಾಣದ ಪುಸ್ತಕ ಕೇಳಿದ್ರು. ಆ ಪುಸ್ತಕ ಎರಡು ಭಾಗ ಇತ್ತು. ಮೊದಲನೇ ಭಾಗದಾಗ ಇಬ್ಬರು ರಾಜಕುಮಾರರು ಒಂದೇ ಗುರುವಿನ ಕಡಿ ಕಲ್ತು ಒಂದೇ ತಾಟಿನಾಗ ಉಂಡು ಬೆಳೀತಾರ. ಎರಡನೇ ಭಾಗದಾಗ ಅವರೇ ಕತ್ತಿ ಹಿಡಕೊಂಡು ನಿಲ್ತಾರ. ನಾ ಅವಸರದಾಗ ಎರಡನೇ ಭಾಗ ಕೊಟ್ಟು ಕಳಿಸಿದೆ. ವಾರ ಕಳದ ಮ್ಯಾಲ ಕಸ್ತೂರಿ ಕಪಾಟು ಒರಸ್ಲಿಕತ್ತಾಗ, "ಏ ಮಾದೇವಿ, ಮೊದಲನೇ ಭಾಗ ಇಲ್ಲೇ ಅದಲ್ಲ!" ಅಂದಳು. ಪುಸ್ತಕ ಬಗಲಾಗ ಇಟಗೊಂಡು ಮಠಕ್ಕ ಓಡಿದೆ.

ಹಿರಿಯರು ಕಟ್ಟಿ ಮ್ಯಾಲ ಕುಂತಿದ್ರು. "ತಪ್ಪಾತ್ರಿ ಅಪ್ಪಾವರ, ಮೊದಲನೇ ಭಾಗ ತಂದೀನಿ" ಅಂದೆ.

"ಹೌದೇನವ್ವಾ? ಇವರ್ಯಾಕ ಪುಸ್ತಕದ ಮೊದಲನೇ ಪಾನಿಲಿಂದನೇ ಹೊಡದಾಡ್ಲಿಕತ್ತಾರ ಅಂತ ನಾವೂ ಅಂದ್ಕೊಂಡಿವಿ" ಅಂದ್ರು.

"ಬದಲಿ ಮಾಡಿ ಕೊಡ್ಲೇನ್ರಿ?"

"ಈಗ ಬ್ಯಾಡ ತಗಿ. ಹ್ವಾದ ವರ್ಷ ಬ್ಯಾರೆ ಒಂದು ದೋಸ್ತಿ ಪುರಾಣ ಓದಿಸಿದ್ರ ಬರೇ ಮುದುಕ್ಯಾರು ಬಂದಿದ್ರು. ಈ ವರ್ಷ ಕುಂದರಲಿಕ್ಕಿ ಜಾಗ ಇಲ್ಲ. ಮೊದಲ ಬಡದಾಟ ಮುಗೀಲಿ. ಆಮ್ಯಾಲ ಇವರು ಹ್ಯಾಂಗ ದೋಸ್ತರಿದ್ರು ಅಂತ ನೋಡೋಣಂತ."

ಆವತ್ತು ನನಗ ಈ ನೌಕರಿ ಅರ್ಥ ಆತು. ಮಂದಿ ಪುಸ್ತಕ ಕೇಳಲಿಕ್ಕಿ ಬರಂಗಿಲ್ಲ. ಯಾರು ಯಾರಿಗಿ ಕೈ ಕೊಟ್ರು, ಯಾರು ಯಾರ ಕೈ ಹಿಡದ್ರು, ಅದನ್ನ ಕೇಳಲಿಕ್ಕಿ ಬರ್ತಾರ.

ಆಮ್ಯಾಲ ನನಗ ಚಿತ್ತಾಪುರಕ್ಕ ಹಾಕಿದ್ರು, ಕಸ್ತೂರಿಗಿ ಶಹಾಬಾದಕ್ಕ. ತಿಂಗಳಿಗೊಮ್ಮೆ ಸೇಡಂದಾಗ ಮೀಟಿಂಗ್ ಇರ್ತಿತ್ತು. ಆಕಿ ಶಹಾಬಾದಿನಾಗ ರೈಲು ಹತ್ತಿ, ವಾಡಿ ದಾಟಿ ಬರ್ತಿದ್ದಳು. ಚಿತ್ತಾಪುರದಾಗ ನಾ ಹತ್ತೋ ಹೊತ್ತಿಗಿ ಖಿಡಕಿ ಬಾಜೂ ಜಾಗದಾಗ ತನ್ನ ಚೀಲ ಇಟ್ಟು, "ಇಲ್ಲಿ ಬಾ, ಇಲ್ಲಿ ಬಾ" ಅಂತ ಕೈ ಬೀಸ್ತಿದ್ದಳು. ಆ ಗಾಡ್ಯಾಗ ಕುಂತು ನಾವು ಮಾತಾಡಿದಷ್ಟು ಮೀಟಿಂಗಿನಾಗ ಯಾರೂ ಮಾತಾಡಿಲ್ಲ.

ಚಿತ್ತಾಪುರದಾಗ ನನಗ ಒಬ್ಬ ಓದುಗ ಸಿಕ್ಕಿದ್ರು, ಹಮೀದ್ ಕಾಕಾ. ವಾಡಿಯವರು, ರೈಲ್ವೆ ಗಾರ್ಡ್ ಆಗಿ ರಿಟೈರ್ ಆದವರು. ವಾಡಿ ವಾಚನಾಲಯದ ಪುಸ್ತಕ ಎಲ್ಲಾ ಓದಿ ಮುಗಿಸಿ ನನ್ನ ಕಡಿ ಬರ್ಲಿಕತ್ತಿದ್ರು. ನೀವು ಹೊಸಬರು, ನಿಮಗ ಗೊತ್ತಾಗಂಗಿಲ್ಲ. ವಾಚನಾಲಯದಾಕಿಗಿ ಒಬ್ಬ ಖರೇ ಓದುಗ ಅಂದ್ರ ಹಬ್ಬ ಇದ್ದಂಗ. ಉಳಿದವರು ಪೇಪರ್ ನೋಡಿ, ನೀರು ಕುಡದು, ಗಾಳಿಗಿ ಕುಂತು ಹೋಗ್ತಾರ. ಕಾಕಾ ಹಂಗಲ್ಲ. ಪುಸ್ತಕ ವಾಪಸ್ ಕೊಡುವಾಗ ಜಗಳ ಆಡ್ತಿದ್ರು. "ಬಾಯಾರ, ಈ ಪುಸ್ತಕದಾಗ ಎರಡು ದೇಶ ಒಪ್ಪಂದಕ್ಕ ಸಹಿ ಹಾಕಿ, ಸಹಿ ಆರೋದ್ರೊಳಗ ಗಡಿಗಿ ಫೌಜು ಕಳಿಸ್ಯಾರ. ನಿಮ್ಮ ಪುರಾಣದಾಗೂ ಹಿಂಗೇ ಅದ. ನಮ್ಮ ಕಿತಾಬಿನಾಗೂ ಹಿಂಗೇ ಅದ. ಮತ್ತ ಇವೆಲ್ಲಾ ಒಂದೊಂದು ಮೂಲ್ಯಾಗ ಯಾಕ ಇಟ್ಟೀರಿ? ನನ್ನ ಮೊಣಕಾಲು ನೋಯ್ತಾವ" ಅಂದ್ರು.

ಯಾಕಂದ್ರ ನಂಬರು. ಪುಸ್ತಕದ ಬೆನ್ನಿಗಿ ನಂಬರ್ ಹಚ್ಚಿರ್ತೀವಲ್ಲ, ದೇವರ ಪುಸ್ತಕಕ್ಕ ಒಂದು, ಇತಿಹಾಸಕ್ಕ ಒಂದು, ರಾಜಕಾರಣ ರಾಯಭಾರಕ್ಕ ಮತ್ತೊಂದು. ಆ ನಂಬರಿನ ಪ್ರಕಾರನೇ ಇಡಬೇಕು. ನಮ್ಮ ಮೇಲ್ವಿಚಾರಕರು ದೇಶಮುಖ ಸಾಹೇಬ್ರು ಅಂತ. ಅವರಿಗಿ ದೇವರಿಲ್ಲದಿದ್ರೂ ನಡೀತಿತ್ತು, ನಂಬರ್ ಬೇಕೇ ಬೇಕು. ಒಂದು ಪುಸ್ತಕ ಜಾಗ ತಪ್ಪಿದ್ರ ಕನ್ನಡಕ ತೆಗದು ಒರಸ್ತಿದ್ರು. ಅವರು ಕನ್ನಡಕ ತೆಗದ್ರು ಅಂದ್ರ ನಮಗ ಬೈಗಳ ಬಿತ್ತು ಅಂತಲೇ ಲೆಕ್ಕ.

ಆದ್ರ ಕಾಕಾನ ಮಾತು ನನ್ನ ತಲ್ಯಾಗ ಕುಂತಿತು. ಮುಂದಿನ ಮೀಟಿಂಗಿಗಿ ಹೋಗುವಾಗ ಗಾಡ್ಯಾಗ ಕಸ್ತೂರಿಗಿ ಹೇಳಿದೆ. "ನೋಡು, ದೇವರ ಪುಸ್ತಕ, ರಾಜರ ಪುಸ್ತಕ, ದೇಶದೇಶದ ವ್ಯವಹಾರದ ಪುಸ್ತಕ, ಇವುಗಳಾಗ ದೋಸ್ತಿ-ದುಶ್ಮನಿ ಇದ್ದವು ಆರಿಸಿ ಒಂದೇ ಕಪಾಟಿನಾಗ ಇಡಬೇಕು. ಯಾವ ಧರ್ಮದ್ದು ಅಂತ ಕೇಳಬಾರ್ದು. ಮಂದಿ ತಾವೇ ಬಂದು ಕೈ ಹಾಕ್ತಾರ."

ಕಸ್ತೂರಿ ನಕ್ಕಳು. "ಸಾಹೇಬ್ರು ಕನ್ನಡಕ ತೆಗೀತಾರ ನೋಡು!"

"ತೆಗೀಲಿ. ನಾ ಮಾಡೇ ಮಾಡ್ತೀನಿ" ಅಂದೆ.

ಅಂದೆ, ಮಾಡ್ಲಿಲ್ಲ. ಇವತ್ತು, ನಾಳಿ, ಮಳಿ ಮುಗೀಲಿ, ರಾಶಿ ಮುಗೀಲಿ, ಸಾಹೇಬ್ರ ಮುಖ ನೋಡಿ ಕೇಳೋಣ. ಹಿಂಗೇ ವರ್ಷ ಹೋತು. ಅಷ್ಟರಾಗ ಒಂದಿನ ಸುದ್ದಿ ಬಂತು. ಶಹಾಬಾದಿನಾಗ ಕಸ್ತೂರಿ ಬಾಯಾರು ಹೊಸ ಕಪಾಟು ಮಾಡ್ಯಾರಂತ. ನೆಲಕ್ಕ ಹಾಸೋ ಫರ್ಸಿ ಕಲ್ಲು ಗ್ವಾಡಿಗಿ ಹುಗದು, ಬಾಗಲಿಲ್ಲ, ಕೀಲಿ ಇಲ್ಲ, ಮ್ಯಾಲ 'ದೋಸ್ತಿ-ದುಶ್ಮನಿ' ಅಂತ ಬಣ್ಣದಲೆ ಬರಸ್ಯಾರಂತ. ಮಂದಿ ಮುಗಿಬಿದ್ದಾರಂತ.

ನಾ ಬಿತ್ತಿದ ಬೆಳಿ, ಆಕಿ ರಾಶಿ ಮಾಡಿದಳು! ನನ್ನ ಹೊಟ್ಟ್ಯಾಗ ಹಸಿ ಮೆಣಸಿನಕಾಯಿ ಅರದು ಹಚ್ಚಿದಂಗಾತು. ಆವತ್ತು ಪೇಪರ್ ಓದ್ಲಿಕ್ಕಿ ಬಂದವರಿಗೆಲ್ಲಾ ಸುಮ್ಮಸುಮ್ಮನ ಬೈದೆ. ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲ.

ಒಂದೇ ಆಸರ ಇತ್ತು ನನಗ, ದೇಶಮುಖ ಸಾಹೇಬ್ರು. ನಂಬರ್ ಕೆಡಿಸ್ಯಾಳ, ಈಗ ಹೋಗಿ ಬರೋಬ್ಬರಿ ಝಾಡಸ್ತಾರ ಅಂತ ಕಾದೆ. ಸಾಹೇಬ್ರು ಶಹಾಬಾದಕ್ಕ ಹೋದ್ರು. ಕನ್ನಡಕ ತೆಗದ್ರಂತ, ಒರಸಿದ್ರಂತ, ಮತ್ತ ಹಾಕ್ಕೊಂಡು ಆ ಕಪಾಟಿನ ಮುಂದೇ ಕುಂತು ಸಂಜೀತನಕ ಓದಿದ್ರಂತ. ಬರುವಾಗ ತಮ್ಮ ಹೆಸರಿಲೆ ಒಂದು ಪುಸ್ತಕ ಬರಸ್ಕೊಂಡು ತಂದ್ರಂತ! ಮುಂದಿನ ಮೀಟಿಂಗಿನಾಗ ಎಲ್ಲರ ಮುಂದ ಅಂದ್ರು, "ಶಾಬಾಸ್ ಕಸ್ತೂರಿ ಬಾಯಾರ. ಚಿತ್ತಾಪುರದವರು ಜರಾ ಕಣ್ಣು ತೆರೀರಿ. ನೋಡಿ ಕಲೀರಿ."

ನೋಡಿ ಕಲೀಬೇಕಂತ! ನಾನು! ಕಸ್ತೂರಿ ಎದ್ದು ನಿಂತು, "ಸಾಹೇಬ್ರ, ಅದು ಖರೇ ಅಂದ್ರ ಮಾದೇವಿ..." ಅಂತ ಬಾಯಿ ತೆರದಿದ್ದಳು, ಇಲ್ಲ ಅನ್ನಂಗಿಲ್ಲ. ಸಾಹೇಬ್ರು "ಆತಾತು, ಕುಂದ್ರಿ, ಮುಂದಿಂದು ನೋಡೋಣ" ಅಂತ ಕೈ ಮಾಡಿದ್ರು. ಆಕಿ ಗಪ್ಪನ ಕುಂತಳು. ಒದರಿ ಹೇಳಬೇಕಿತ್ತೋ ಬ್ಯಾಡೋ ನೀವೇ ಹೇಳ್ರಿ. ನಾನಾಗಿದ್ರ ಮೇಜು ಗುದ್ದಿ ಹೇಳ್ತಿದ್ದೆ. ಆವತ್ತೇ ಮನಸ್ಸಿನಾಗ ಗಂಟು ಹಾಕ್ಕೊಂಡೆ. ಆ ಕಪಾಟು ಮಾದೇವೀದು ಅಂತ ಎಲ್ಲಾ ಮಂದಿ ಮುಂದ ಒಮ್ಮೆ ಆಗಬೇಕು. ಅಲ್ಲೀತನಕ ಕಸ್ತೂರಿ ನನ್ನ ವೈರಿ.

ವಾಪಸ್ ಬರುವಾಗ ಆಕಿ ಕುಂತ ರೈಲು ಡಬ್ಬಿ ಬಿಟ್ಟು ಬ್ಯಾರೆ ಡಬ್ಬಿ ಹತ್ತಿದೆ. ಅಲ್ಲಿಂದ ಮುಂದ ಯಾವತ್ತೂ ಆಕೀ ಡಬ್ಬಿ ಹತ್ಲಿಲ್ಲ. ಕಪಾಟು ಮಾಡಿದ ದಿನಾ ಪ್ರತಿ ವರ್ಷ ಶಹಾಬಾದಿನಾಗ ಓದುಗರನ್ನ ಕೂಡಿಸಿ ಸಣ್ಣ ಕಾರ್ಯಕ್ರಮ ಮಾಡ್ತಿದ್ದಳು. ಪ್ರತಿ ವರ್ಷ "ಬಾ ಮಾದೇವಿ" ಅಂತ ಕರೀತಿದ್ದಳು. "ನಿಮ್ಮೂರ ಕಲ್ಲಿನ ಖಣಿ ಧೂಳಿ ನನಗ ಆಗಿಬರಂಗಿಲ್ಲ, ದಮ್ಮು ಹತ್ತತದ" ಅಂತ ಪ್ರತಿ ವರ್ಷ ಹೇಳಿ ಕಳಸ್ತಿದ್ದೆ. ನನ್ನ ಮುಂದ ಆ ಊರ ಸುದ್ದಿ ತೆಗದವರಿಗಿ "ಪೇಪರ್ ಓದ್ಲಿಕ್ಕಿ ಬಂದೀರೋ ಊರ ಸುದ್ದಿ ಹೇಳ್ಲಿಕ್ಕಿ ಬಂದೀರೋ?" ಅಂತ ಬಾಯಿ ಮುಚ್ಚಸ್ತಿದ್ದೆ.

ಈಗ ನನ್ನ ದೊಡ್ಡ ಫಜೀತಿ ಹೇಳ್ತೀನಿ. ಇದರಿಂದ ನೀವು ಒಂದು ಪಾಠ ಕಲೀರಿ.

ಆಕಿ ಒಂದು ಕಪಾಟು ಮಾಡಿದ್ರ ನಾ ಎರಡು ಮಾಡ್ತೀನಿ ಅಂತ ಹಟಕ್ಕ ಬಿದ್ದೆ. ಚಿತ್ತಾಪುರದಾಗ ಗಾಜಿನ ಬಾಗಲದ ಎರಡು ಕಟ್ಟಿಗಿ ಕಪಾಟು ಮಾಡಿಸಿ, ಒಂದಕ್ಕ 'ದೋಸ್ತಿ' ಅಂತ, ಇನ್ನೊಂದಕ್ಕ 'ದುಶ್ಮನಿ' ಅಂತ ಬೋರ್ಡ್ ಹಚ್ಚಿಸಿದೆ. ಕಸ್ತೂರಿ ಎಲ್ಲಾ ಕಲಸಿ ಇಟ್ಟಾಳ, ನಾ ಬ್ಯಾರೆ ಬ್ಯಾರೆ ಮಾಡಿ ಇಡ್ತೀನಿ. ಇದಕ್ಕಂತಾರ ಶಿಸ್ತು ಅಂದ್ಕೊಂಡೆ. ನಂಬರ್ ಹಚ್ಚಿ ಹಚ್ಚಿ ನಮ್ಮ ತಲಿ ಹಂಗೇ ಆಗಿರ್ತದ. ಒಂದು ಪುಸ್ತಕಕ್ಕ ಒಂದೇ ಜಾಗ.

ಪುಸ್ತಕ ಹಿಡಕೊಂಡು ನಿಂತೆ. ಮೊದಲನೇದು ಪುರಾಣ. ದೋಸ್ತರಿದ್ರು, ಕಡೀಗಿ ಕಡದಾಡಿ ಸತ್ರು. ಎಲ್ಲಿ ಇಡ್ಲಿ? ಎರಡನೇದು ಎರಡು ಮನೆತನದ ರಾಜರದು. ಅಜ್ಜಗಳು ವೈರಿಗಳು, ಮೊಮ್ಮಕ್ಕಳು ಬೀಗರು. ಇದೆಲ್ಲಿ? ಮೂರನೇದು ದೇಶದೇಶದ ರಾಯಭಾರದ್ದು. ಒಂದೊಂದು ಅಧ್ಯಾಯಕ್ಕ ಒಂದೊಂದು ಸಲ ಅಪ್ಪಿಕೊಳ್ತಾರ, ಒಂದೊಂದು ಸಲ ರಾಯಭಾರಿನ್ನ ವಾಪಸ್ ಕರಸ್ತಾರ. ಕಡೀ ಪಾನು ಏನು ಹೇಳ್ತದ ಅದರ ಪ್ರಕಾರ ಇಟ್ರಾತು ಅಂತ ಎಲ್ಲಾ ಪುಸ್ತಕದ ಕಡೀ ಪಾನು ಓದಿದೆ. ಹಂಗ ಮಾಡಿದ್ರ ದುಶ್ಮನಿ ಕಪಾಟು ತುಂಬಿ ಚೆಲ್ಲಿತು, ದೋಸ್ತಿ ಕಪಾಟಿನಾಗ ಹಲ್ಲಿ ಓಡಾಡ್ಲಿಕತ್ತಿತು. ನಾಚಿಕಿ ಬಂದು ಮೊದಲನೇ ಪಾನಿನ ಪ್ರಕಾರ ಇಟ್ಟೆ. ಈಗ ದುಶ್ಮನಿ ಖಾಲಿ!

ಅಷ್ಟರಾಗ ಓದುಗರು ಜಗಳಕ್ಕ ನಿಂತ್ರು. ಬಾಜೂ ದೇಶದ ಮ್ಯಾಲಿನ ಒಂದು ಪುಸ್ತಕ ನಾ ದೋಸ್ತಿ ಕಪಾಟಿನಾಗ ಇಟ್ಟಿದ್ದೆ. ಒಬ್ಬರು ಬಂದು "ಇದನ್ನ ಇಲ್ಲಿ ಹ್ಯಾಂಗ ಇಟ್ರಿ?" ಅಂತ ಕೆಂಡ ಆದ್ರು. ದುಶ್ಮನಿಗಿ ಒಯ್ದೆ. ಮರುದಿನ ಇನ್ನೊಬ್ಬರು ಬಂದು "ಇವತ್ತಿನ ಪೇಪರ್ ನೋಡೀರಿಲ್ಲ? ಇಬ್ಬರೂ ಕೈ ಕುಲಕ್ಯಾರ" ಅಂದ್ರು. ದಿನಾ ಮುಂಜಾನಿ ಪೇಪರ್ ಓದಿ ಪುಸ್ತಕ ಎತ್ತಿಡೋದೇ ನನ್ನ ಕೆಲಸ ಆತು. ಯಾವ ಪುಸ್ತಕ ಎಲ್ಲಿ ಅದ ಅಂತ ಕಡೀಗಿ ನನಗೇ ಗೊತ್ತಾಗಲಿಲ್ಲ.

ಹಮೀದ್ ಕಾಕಾ ಬಂದ್ರು. ಕೀಲಿ ತೆಗೀರಿ ಅಂದ್ರು, ತೆಗದೆ. ಪುಸ್ತಕ ಹೇಳಿದ್ರು, ಹುಡುಕಿದೆ, ಸಿಗಲಿಲ್ಲ. ಆ ಕಪಾಟಿನ ಕೀಲಿ ತೆಗೀರಿ ಅಂದ್ರು. ಅಲ್ಲೂ ಸಿಗಲಿಲ್ಲ. ಕಾಕಾ ನಗಲಿಲ್ಲ. ನಕ್ಕಿದ್ರ ಚಲೋ ಇತ್ತು. "ಬಾಯಾರ, ಒಂದು ಕೆಲಸ ಮಾಡ್ರಿ. ಎಲ್ಲಾ ಪುಸ್ತಕ ನಡುವ ಹರೀರಿ. ಅರ್ಧ ಈ ಕಪಾಟಿಗಿ, ಅರ್ಧ ಆ ಕಪಾಟಿಗಿ ಹಾಕ್ರಿ" ಅಂದ್ರು.

"ಚೇಷ್ಟಿ ಮಾಡ್ತೀರಾ ಕಾಕಾ?"

"ಚೇಷ್ಟಿ ಅಲ್ಲವ್ವಾ. ನನ್ನ ಕಾಲು ಕೇಳವಲ್ಲವು. ಶಹಾಬಾದಿನಾಗ ಎಲ್ಲಾ ಒಂದೇ ಕಡಿ ಇಟ್ಟಾರಂತ, ಕೀಲಿನೂ ಇಲ್ಲಂತ."

ವಾಡಿ ನಡುವ ಅದ. ಗಾಡಿ ಈ ಕಡಿ ಹೋದ್ರ ಚಿತ್ತಾಪುರ, ಆ ಕಡಿ ಹೋದ್ರ ಶಹಾಬಾದ. ಮುಂದಿನ ವಾರದಿಂದ ಕಾಕಾ ಆ ಕಡಿ ಗಾಡಿ ಹತ್ತಿದ್ರು. ನೀವು ನಗಬ್ಯಾಡ್ರಿ. ನನ್ನ ಗಂಡ ಇನ್ನೊಬ್ಬಾಕಿನ್ನ ನೋಡಿದ್ರೂ ಅಷ್ಟು ಸಂಕಟ ಆಗ್ತಿದ್ದಿಲ್ಲ. ಅಂವ ಬಡಪಾಯಿ ಮನಿ ಬಿಟ್ಟು ಎಲ್ಲೂ ಹೋದವನಲ್ಲ, ಆ ಮಾತು ಬ್ಯಾರೆ. ನನ್ನ ಓದುಗ ಆಕೀ ಕಪಾಟಿನ ಮುಂದ ಕುಂತಾನ, ಆಕೀ ಕೂಡ ಜಗಳ ಆಡ್ತಾನ ಅನ್ನೋದು ನೆನಸಿಕೊಂಡು ನಡುರಾತ್ರಿ ಎದ್ದು ಕುಂದರ್ತಿದ್ದೆ. ಬೋರ್ಡ್ ಕಿತ್ತಿ, ಪುಸ್ತಕ ಎಲ್ಲಾ ಮೊದಲಿನಂಗ ನಂಬರಿನ ಪ್ರಕಾರ ಇಟ್ಟೆ.

ಕೆಲವು ವರ್ಷಕ್ಕ ನನಗ ಚಿಂಚೋಳಿಗಿ ವರ್ಗ ಆತು. ಆ ಕಡಿ ಮಂದಿ ಅರ್ಧ ತೆಲುಗು ಅರ್ಧ ಕನ್ನಡ ಮಾತಾಡೋರು, ಭಾಳ ಪ್ರೀತಿಯವರು. ಬಾಜೂಕ ಚಂದಾಪುರದ ತಾಲೂಕು ಕಚೇರಿಗಿ ಕೆಲಸಕ್ಕ ಬಂದವರು ಸಾಹೇಬರು ಸಿಗೋತನಕ ನಮ್ಮಲ್ಲೇ ಬಂದು ಕುಂದರ್ತಿದ್ರು. ಇನ್ನ ಆರಾಮ ಇರ್ತೀನಿ ಅಂದ್ಕೊಂಡೆ. ಎಲ್ಲೀ ಆರಾಮ! ನಮ್ಮಲ್ಲಿ ಒಂದು ಪದ್ಧತಿ ಅದ. ಒಂದೂರ ಪುಸ್ತಕ ಪೆಟ್ಟಿಗ್ಯಾಗ ಹಾಕಿ ಇನ್ನೊಂದೂರಿಗಿ ಬದಲಿ ಕಳಸ್ತೀವಿ. ಶಹಾಬಾದಿನ ಪೆಟ್ಟಿಗಿ ಬಂತು. ಪುಸ್ತಕದ ಹಿಂದ ತಾರೀಖಿನ ಚೀಟಿ ಇರ್ತದಲ್ಲ, ಓದ್ಲಿಕ್ಕಿ ಒಯ್ದಾಗೊಮ್ಮೆ ಶಿಕ್ಕಾ ಹೊಡಿಯೋದು? ಆಕೀ ಪುಸ್ತಕದ ಚೀಟಿ ನೋಡ್ರಿ, ಮ್ಯಾಲಿಂದ ಕೆಳತನಕ ನೀಲಿ ಶಿಕ್ಕಾ, ನಿಲ್ಲಲಿಕ್ಕಿ ಜಾಗ ಇಲ್ಲ. ಸೀರಿಗಿ ಬುಟ್ಟಾ ಹಾಕಿದಂಗ. ನನ್ನ ಪುಸ್ತಕದ ಚೀಟಿ ವಿಧವಿ ಹಣಿ ಹಂಗ ಬೋಳು.

ಏನ್ ಮಾಡಿದೆ ಅಂತೀರಿ? ಗೋಂದಿನ ಬಾಟ್ಲಿ ತಗೊಂಡು ಆ ಎಲ್ಲಾ ಚೀಟಿ ಮ್ಯಾಲ ಹೊಸ ಚೀಟಿ ಅಂಟಿಸಿದೆ. ಚೀಟಿ ತುಂಬಿದ್ರ ಹೊಸದು ಹಚ್ಚಬೇಕು ಅಂತ ನಿಯಮನೇ ಅದ. ನಿಯಮ ಪಾಲಿಸೀನಿ. ಅದರಾಗ ನನಗ ಸುಖ ಸಿಕ್ಕಿದ್ರ ಅದು ನಿಯಮದ ತಪ್ಪಲ್ಲ.

ಆಮ್ಯಾಲ ಕಂಪ್ಯೂಟರ್ ಬಂತು, ಶಿಕ್ಕಾ ಹೋತು, ಚೀಟಿ ಹೋತು. ಯಾರು ಮೊದಲು ಕಲ್ತರು? ಕೇಳಬ್ಯಾಡ್ರಿ. "ಉಳದವರಿಗಿ ಕಸ್ತೂರಿ ಬಾಯಾರು ಕಲಸ್ತಾರ" ಅಂತ ಟ್ರಸ್ಟಿನವರು ಅಂದ್ರು. ಆಕೀ ಮುಂದ ಕೈ ಕಟ್ಟಿ ಕುಂದರೋದಕ್ಕಿಂತ ಕಾಗಿಣಾ ಹೊಳಿ ಹಾರೋದು ಮೇಲು ಅಂತ ಚಂದಾಪುರದಾಗ ನನ್ನ ಸ್ವಂತ ಖರ್ಚಿನಾಗ ಕ್ಲಾಸಿಗಿ ಹೋದೆ. ಹುಡುಗ್ಯಾರ ನಡುವ ನಾನೊಬ್ಬಾಕಿ ಕನ್ನಡಕದಾಕಿ. ಹಟಕ್ಕ ಕಲ್ತೆ, ಕಸ್ತೂರಿಗಿಂತ ಚಲೋ ಕಲ್ತೆ. ಹೊಟ್ಟಿಕಿಚ್ಚು ಕೆಟ್ಟದ್ದು ಅಂತ ಪ್ರವಚನದಾಗ ಹೇಳ್ತಾರ, ಹೇಳಲಿ. ನನಗ ಕೀಲಿಮಣಿ ಮ್ಯಾಲ ಬೆರಳಾಡಸ್ಲಿಕ್ಕಿ ಕಲಿಸಿದ್ದು ಅದೇ. ದಿನಾ ಮುಂಜಾನಿ ಜಲ್ದಿ ಎಬ್ಬಿಸಿದ್ದೂ ಅದೇ.

ಈಗ ನಿಮ್ಮ ಕಾಲದಾಗ ವಾಚನಾಲಯ ಅಂದ್ರ ಪರೀಕ್ಷಾಕ್ಕ ಓದೋ ಹುಡುಗರ ಕೋಲಿ ಆಗ್ಯಾದ. ತಮ್ಮ ಪುಸ್ತಕ ತಾವೇ ತರ್ತಾರ, ನಮ್ಮ ಕುರ್ಚಿ ಅಷ್ಟೇ ಬೇಕು. ನಮ್ಮ ಪುಸ್ತಕ ಮುಟ್ಟೋರು ಕಡಿಮಿ. ಚಿಂಚೋಳ್ಯಾಗ ಹಿಂಗ, ಸೇಡಂದಾಗ ಹಿಂಗ. ಶಹಾಬಾದಿನಾಗ ಮಾತ್ರ ಆ ಕಪಾಟಿಗಿ ಇನ್ನಾ ಮಂದಿ ಬರ್ತಾರಂತ. ಕೇಳಿ ಕೇಳಿ ನನ್ನ ಕಿವಿ ಸುಟ್ಟು ಹೋಗ್ಯಾವ.

ನಾವಿಬ್ಬರೂ ಒಟ್ಟಿಗೇ ರಿಟೈರ್ ಆದಿವಿ. ಹ್ವಾದ ಚಳಿಗಾಲದಾಗ ಶಹಾಬಾದ ವಾಚನಾಲಯಕ್ಕ ಹೊಸ ಹಾಲ್ ಕಟ್ಟಿಸಿದ್ರು. ಆ ಫರ್ಸಿ ಕಪಾಟು ಹಂಗೇ ಉಳಿಸಿ ಅದರ ಸುತ್ತ ಹಾಲ್ ಕಟ್ಯಾರಂತ. ಉದ್ಘಾಟನಾಕ್ಕ ಹಳೇ ನೌಕರರೆಲ್ಲಾ ಬರಬೇಕು, ಒಬ್ಬೊಬ್ಬರು ನಾಕು ಮಾತು ಆಡಬೇಕು ಅಂತ ಹೇಳಿ ಕಳಿಸಿದ್ರು. ಈ ಸಲ ನಾ ಧೂಳಿ ಅನ್ನಲಿಲ್ಲ. ನಾಕು ಮಾತು! ಮೈಕು! ಎಲ್ಲಾ ಮಂದಿ! ಇಷ್ಟು ವರ್ಷ ಕಾದದ್ದು ಇದಕ್ಕೇ ಅಲ್ಲ? ಇಳಕಲ್ ಸೀರಿ ಉಟ್ಟೆ. ಬಸ್ಸಿನಾಗ ಹೋಗುವಾಗ ಮನಸ್ಸಿನಾಗೇ ಮಾತು ತೂಗಿ ತೂಗಿ ನೋಡಿದೆ. ಕಸ್ತೂರಿ ಮುಖ ಹ್ಯಾಂಗ ಕಪ್ಪಿಡ್ತದ ಅಂತ ಅಂದಾಜು ಮಾಡಿ ಒಬ್ಬಾಕಿನೇ ನಕ್ಕೆ. ಬಾಜೂದಾಕಿ ನನ್ನ ನೋಡಿ ಜರಾ ಸರದು ಕುಂತಳು.

ಹಾಲ್ ತುಂಬಿತ್ತು. ಕಪಾಟು ಮೊದಲನೇ ಸಲ ಕಣ್ಣಿಲೆ ನೋಡಿದೆ. ಚಂದ ಇತ್ತು. ಇಲ್ಲ ಅಂತ ಹೇಳಲಿಕ್ಕಿ ಭಾಳ ಮನಸ್ಸಿತ್ತು, ಖರೇ ಚಂದ ಇತ್ತು. ಮುಂದಿನ ಸಾಲಿನಾಗ ಹಮೀದ್ ಕಾಕಾ ಕೋಲು ಹಿಡಕೊಂಡು ಕುಂತಿದ್ರು, ಭಾಳ ವಯಸ್ಸಾಗಿತ್ತು. ಅವರ ಬಾಜೂ ಕಸ್ತೂರಿ.

ನನ್ನ ಪಾಳಿ ಬಂತು. ಮೈಕು ಹಿಡದೆ. ತೂಗಿದ ಮಾತು ಎಲ್ಲಾ ಮರತೆ. "ಒಂದು ಖರೇ ಮಾತು ಹೇಳ್ತೀನಿ, ಕೇಳ್ರಿ" ಅಂದೆ. "ಈ ಕಪಾಟು ಕಸ್ತೂರೀ ವಿಚಾರ ಅಲ್ಲ. ನಂದು. ರೈಲಿನಾಗ ಆಕೀಗಿ ನಾನೇ ಹೇಳಿದ್ದೆ. ಈ ಕಪಾಟು ನಂದು!"

ಹೇಳಿಬಿಟ್ಟೆ. ಕಣ್ಣು ಮುಚ್ಚಿ ನಿಂತೆ. ಈಗ ಗದ್ದಲ ಆಗ್ತದ, ಮಂದಿ ಎದ್ದು ಕಸ್ತೂರಿ ಕಡಿ ನೋಡ್ತಾರ, ಆಕಿ ತಲಿ ಕೆಳಗ ಹಾಕ್ತಾಳ.

ಚಪ್ಪಾಳಿ ಬಿತ್ತು. ಕಣ್ಣು ತೆರದ್ರ ಎಲ್ಲರಿಗಿಂತ ಜೋರ ಚಪ್ಪಾಳಿ ಹೊಡೀಲಿಕತ್ತಾಕಿ ಕಸ್ತೂರಿ. ಕಾಕಾ ಕುಂತಲ್ಲಿಂದನೇ ಒದರಿದ್ರು, "ಗೊತ್ತದ ಬಾಯಾರ, ಎಲ್ಲರಿಗೂ ಗೊತ್ತದ! ನಾವು ಪುಸ್ತಕ ಅಡ್ಡಾದಿಡ್ಡಿ ಇಟ್ರ ಈಕಿ ಬೈತಿದ್ದಳು, 'ಇದು ಮಾದೇವಿ ಕಪಾಟು, ಬರೋಬ್ಬರಿ ಇಡ್ರಿ' ಅಂತ." ಮಂದಿ ನಕ್ರು. ಪ್ರೀತಿಲೆ ನಕ್ರು, ಅದೇ ನನಗ ತಡಕೊಳ್ಳಲಿಕ್ಕಿ ಆಗಲಿಲ್ಲ.

ಕಾರ್ಯಕ್ರಮ ಮುಗದ ಮ್ಯಾಲ ಕಸ್ತೂರಿ ಸುಸಲಾ, ಭಜಿ ಹಾಕಿದ ತಾಟು ತಂದು ನನ್ನ ಕೈಯಾಗ ಇಟ್ಟು ಬಾಜೂ ಕುಂತಳು. "ಚಲೋ ಮಾಡಿದಿ. ನಾ ಹೇಳಿ ಹೇಳಿ ಸಾಕಾಗಿತ್ತು. 'ಎಲ್ಲಿ ಆ ಮಾದೇವಿ, ನೀನೇ ಹುಟ್ಟಿಸಿ ಹೇಳ್ತಿಯೇನು' ಅಂತ ಮಂದಿ ನಗತಿದ್ರು. ನೀ ಮಾಡ್ತಿ ಅಂತ ಒಂದು ವರ್ಷ ದಾರಿ ನೋಡಿದೆ. ನೀ ಮಾಡವಲ್ಲಿ, ಅದಕ್ಕ ನಾನೇ ಮಾಡಿದೆ. ಮತ್ತ ದಮ್ಮು ಹ್ಯಾಂಗದ ಈಗ?"

"ಯಾವ ದಮ್ಮು?"

"ಕಲ್ಲಿನ ಧೂಳಿಗಿ ಆಗಿಬರಂಗಿಲ್ಲ ಅಂತಿದ್ದಿಯಲ್ಲ? ಅದಕ್ಕೇ ಇವತ್ತು ಎರಡು ಸಲ ನೀರು ಹೊಡಿಸೀನಿ ಅಂಗಳಕ್ಕ."

ನನಗ ಇನ್ನ ತಡೀಲಿಕ್ಕಿ ಆಗಲಿಲ್ಲ. "ಏ ಕಸ್ತೂರಿ, ನನಗ ಯಾವ ದಮ್ಮೂ ಇಲ್ಲ. ನಾ ನಿನ್ನ ಕೂಡ ದುಶ್ಮನಿ ಕಟ್ಟಿದ್ದೆ!" ಅಂದೆ.

ಆಕಿ ಭಜಿ ಮುರಿಯೋದು ಬಿಟ್ಟು ನನ್ನ ಮುಖ ನೋಡಿದಳು.

"ಯಾವಾಗ?" ಅಂದಳು.

"ಯಾವಾಗ ಅಂದ್ರ? ಇಷ್ಟು ವರ್ಷ! ನಿನ್ನ ಡಬ್ಬಿಗಿ ಬರೋದು ಬಿಟ್ಟಿದ್ದಿಲ್ಲೇನು?"

"ಗಾಡಿ ಗದ್ದಲ ಇರ್ತಿತ್ತಲ್ಲ? ಸೀಟು ಸಿಕ್ಕಲ್ಲಿ ಕುಂತಿದಿ ಅಂದ್ಕೊಂಡಿದ್ದೆ."

"ಕಂಪ್ಯೂಟರ್ ನಿನ್ನ ಕಡಿ ಕಲೀಲಿಲ್ಲ!"

"ನೀ ಮೊದಲಿಂದ ಶ್ಯಾಣ್ಯಾಕಿ, ನಿನಗ್ಯಾಕ ಬೇಕು ನನ್ನ ಕ್ಲಾಸು?" ಅಂತ ಭಜಿ ಬಾಯಾಗ ಹಾಕ್ಕೊಂಡು ನಕ್ಕಳು. "ಅಯ್ಯ ನಮ್ಮವ್ವ, ದುಶ್ಮನಿ ಕಟ್ಟಿದ್ಳಂತ! ಒಂದು ಮಾತು ಹೇಳಿದ್ರ ನಾನೂ ಕಟ್ತಿದ್ದೆಲ್ಲ, ಒಬ್ಬಾಕಿನೇ ಯಾಕ ತ್ರಾಸ ತಗೊಂಡಿ? ತಿನ್ನು, ಆರ್ತದ."

ಪುರಾಣ ನೋಡ್ರಿ, ಇತಿಹಾಸ ನೋಡ್ರಿ, ದೇಶದೇಶದ ವ್ಯವಹಾರ ನೋಡ್ರಿ, ದುಶ್ಮನಿ ಅಂದ್ರ ಎರಡು ಕಡಿ ಇರ್ತದ. ಡಂಗುರ ಹೊಡೀತಾರ, ರಾಯಭಾರಿ ವಾಪಸ್ ಹೋಗ್ತಾನ, ಆ ಕಡಿಯವರೂ ಕ್ವಾಟಿ ಬಾಗಲ ಹಾಕ್ತಾರ. ನಾ ಅಷ್ಟು ಪುಸ್ತಕ ಎತ್ತಿಟ್ಟೀನಿ. ಆ ಕಡಿಯವರಿಗಿ ಸುದ್ದೀನೇ ಮುಟ್ಟದ ಯುದ್ಧ ಒಂದರಾಗೂ ಇಲ್ಲ.

ಆವತ್ತು ಆಕೀ ಮನ್ಯಾಗೇ ಉಳಕೊಂಡೆ, ಬಿಡಲಿಲ್ಲ. ಒಂದೇ ಕೋಲ್ಯಾಗ ಹಾಸಿದಳು. ತಲಿ ದಿಂಬಿಗಿ ಹತ್ತಿತೋ ಇಲ್ಲೋ, ಗೊರಕಿ ಸುರು ಮಾಡಿದಳು. ನಾ ಹೊರಳಾಡಿ ಹೊರಳಾಡಿ ಮ್ಯಾಲ ಛತ್ತ ನೋಡಿದೆ. ಕಪಾಟು ನಂದು ಅಂತ ಎಲ್ಲರೂ ಒಪ್ಪ್ಯಾರ, ಇನ್ನ ನನಗ ಏನು ಬೇಕಾಗಿತ್ತು? ಇಷ್ಟು ವರ್ಷ ನಾ ಹಲ್ಲು ಕಡಕೊಂಡು ಮಲಗೀನಿ, ಈಕಿ ಇಷ್ಟು ವರ್ಷ ದಿನಾ ಹಿಂಗೇ ಬೇಫಿಕರ್ ನಿದ್ದಿ ಹೊಡದಾಳ. ಆ ನಿದ್ದಿ ನೋಡಿ ನನ್ನ ಹೊಟ್ಟಿ ಹ್ಯಾಂಗ ಉರೀತು ಅಂತ ನಿಮಗೇನು ಹೇಳಲಿ.